ಸೋರುವ ಚಪ್ಪಡಿ ಮನೆಗೆ ದುಡ್ಡು ಹೊಂದಿಸಿದ ಬಗೆ

ಶಿಡ್ಲಘಟ್ಟದಲ್ಲಿ ನಾವು ನಮ್ಮ ಮೊದಲ ಮನೆ ಕೊಂಡಾಗ ಕೂಡಿಟ್ಟದ್ದೆಲ್ಲಾ ಕ್ರಯಕ್ಕೇ ಹೋಯಿತು. ಕಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಮೊದಲ ಜೋರು ಮಳೆಗೇ ಚಪ್ಪಡಿ ಸಂದಿಯಿಂದ ನೀರಿಳಿದು, ನಮ್ಮ ಯಜಮಾನರು ಮಾರೋಕೆ ಇಟ್ಟಿದ್ದ ರೇಷ್ಮೆ ನೂಲು ನೆನೆಯಿತು. ಅವರದ್ದು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಕೆಲಸ, ನಾನು ಖಾಸಗಿ ಶಾಲೆಯಲ್ಲಿ ಟೀಚರ್. ರಿಪೇರಿಗೆ ದುಡ್ಡು ಹುಡುಕುತ್ತಾ ಓಡಾಡಿದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಾಲ ಕೇಳುವ ಮುಂಚೆ ಕೆಲಸ ಎಷ್ಟಿದೆ ಅಂತ ತಿಳಿದುಕೊಳ್ಳಿ. ಮೊದಲು ಬಂದ ಮೇಸ್ತ್ರಿ, "ಚಪ್ಪಡಿ ಎಲ್ಲಾ ಇಳಿಸಿ ಮೋಲ್ಡ್ ಹಾಕ್ಸಿ" ಅಂದರು. ಆಮೇಲೆ ಒಬ್ಬ ಇಂಜಿನಿಯರ್ ಅವರನ್ನು ಕರೆಸಿದೆವು. ಅವರು ಸಣ್ಣ ಸುತ್ತಿಗೆ ಹಿಡಿದು ಮೇಲೆ ಹತ್ತಿ ಒಂದೊಂದೇ ಚಪ್ಪಡಿ ತಟ್ಟುತ್ತಾ ಹೋದರು. ಗಟ್ಟಿ ಇದ್ದದ್ದು ಟಣ್ ಅನ್ನುತ್ತಿತ್ತು, ಒಳಗೆ ಸೀಳಿದ್ದು ದಬ್ ಅನ್ನುತ್ತಿತ್ತು. ಇಪ್ಪತ್ತೆರಡರಲ್ಲಿ ದಬ್ ಅಂದದ್ದು ಮೂರೇ. ಉಳಿದವಕ್ಕೆ ಸಂದಿಯಲ್ಲಿ ಬೆಳೆದ ಹುಲ್ಲಿನ ಬೇರು ಕಿತ್ತು, ಹಳೇ ಗಾರೆ ಕೆರೆದು, ಹೊಸದಾಗಿ ತುಂಬಿದರೆ ಸಾಕಿತ್ತು. ಚಾವಣಿ, ವೈರಿಂಗ್, ಶೌಚಾಲಯ, ಅಡುಗೆಮನೆ ಎಲ್ಲಾ ಸೇರಿ ಅವರ ಎಸ್ಟಿಮೇಟ್ 4,60,000 ರೂಪಾಯಿ. ಹೇಗೂ ಸಹಿ ಇರುವ ಎಸ್ಟಿಮೇಟ್ ಇಲ್ಲದೆ ಬ್ಯಾಂಕಿನಲ್ಲಿ ರಿಪೇರಿ ಸಾಲದ ಮಾತು ಮುಂದಕ್ಕೆ ಹೋಗುವುದಿಲ್ಲ.

ಸರ್ಕಾರದ ಯೋಜನೆ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಪ್ರಧಾನಮಂತ್ರಿ ಆವಾಸ್ ಆಗಲಿ, ನಮ್ಮ ರಾಜ್ಯದ ಬಸವ ವಸತಿ ಆಗಲಿ, ಇರೋದು ಮನೆ ಇಲ್ಲದವರಿಗೆ ಮತ್ತು ಕಚ್ಚಾ ಮನೆಯಲ್ಲಿ ಇರುವವರಿಗೆ. ಹಳ್ಳಿಯಲ್ಲಿ ಆವಾಸ್ ಯೋಜನೆಯಡಿ ಬಯಲು ಪ್ರದೇಶಕ್ಕೆ ಸಿಗುವುದು 1,20,000 ರೂಪಾಯಿ. ನಿಮ್ಮದು ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಮನೆಯಾದರೆ ಗ್ರಾಮ ಸಭೆಗೆ ಹೋಗಿ ಖಂಡಿತ ಕೇಳಿ. ನಗರದವರಿಗೆ 2024ರಲ್ಲಿ ಶುರುವಾದ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ ಬಡ್ಡಿ ಸಬ್ಸಿಡಿ ಇದೆ. ಆದರೆ ಅದು ಮನೆ ಕೊಳ್ಳೋಕೆ, ಕಟ್ಟೋಕೆ. ಸೋರುವ ಪಕ್ಕಾ ಮನೆಯ ರಿಪೇರಿಗೆ ಅಲ್ಲ. ಇದು ಗೊತ್ತಿಲ್ಲದೆ, "ಲಿಸ್ಟ್‌ನಲ್ಲಿ ನಿಮ್ಮ ಹೆಸರು ಸೇರಿಸ್ತೀನಿ" ಅಂದ ಒಬ್ಬನಿಗೆ ನಾವು 5,000 ರೂಪಾಯಿ ಕೊಟ್ಟೆವು. ಹೆಸರೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಅದು ನನ್ನ ಅರ್ಧ ತಿಂಗಳ ಸಂಬಳ. ದಯವಿಟ್ಟು ಯಾರಿಗೂ ಹಾಗೆ ಕೊಡಬೇಡಿ.

ನಮ್ಮ ಫೈಲ್ ನಿಂತದ್ದು ದುಡ್ಡಿನ ವಿಷಯಕ್ಕಲ್ಲ, ಎರಡು ಅಡಿಗೆ. ಕ್ರಯಪತ್ರದಲ್ಲಿ ಪೂರ್ವ ಪಶ್ಚಿಮ 40 ಅಡಿ, ಮನೆಯ ಖಾತೆಯಲ್ಲಿ (ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ) 38. ಬ್ಯಾಂಕಿನ ವಕೀಲರು ಆ ಎರಡು ಅಂಕಿಗಳಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ಕಾಗದ ವಾಪಸ್ ಕಳಿಸಿದರು. ಖಾತೆ ಸರಿ ಮಾಡಿಸೋಕೆ ಏಳು ವಾರ ಹಿಡಿಯಿತು. ಅಷ್ಟು ದಿನವೂ ನಡುಮನೆಯಲ್ಲಿ ಬಕೆಟ್. ಅದಕ್ಕೇ ಹೇಳುತ್ತಿದ್ದೇನೆ, ಇವತ್ತೇ ಕ್ರಯಪತ್ರ, ಇ-ಖಾತೆ, ಕಂದಾಯ ರಸೀದಿ ಮೂರನ್ನೂ ಪಕ್ಕ ಪಕ್ಕ ಇಟ್ಟು ಹೆಸರು, ಅಳತೆ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಹೋಲಿಸಿ ನೋಡಿ. ಆಸ್ತಿ ಮೇಲೆ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರಕ್ಕೆ (ಇ.ಸಿ.) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಗ್ರಾಮ ಪಂಚಾಯಿತಿ ವ್ಯಾಪ್ತಿಯವರು ಪಂಚಾಯಿತಿ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ತೆಗೆಸಿಟ್ಟುಕೊಳ್ಳಿ.

ನಮ್ಮ ಮನೆಯಲ್ಲಿ ಯಜಮಾನರಿಗೆ ಸಂಬಳ ಚೀಟಿ ಇಲ್ಲ. ಅವರ ಆದಾಯ ತೆರಿಗೆ ರಿಟರ್ನ್ಸ್, ನೂಲು ಮಾರಿದ ದುಡ್ಡು ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟೆವು. ಜೊತೆಗೆ ನನ್ನನ್ನು ಸಹ ಅರ್ಜಿದಾರಳಾಗಿ ಸೇರಿಸಿದೆವು. ನನ್ನ ಸಂಬಳ ಚಿಕ್ಕದಾದರೂ ಪ್ರತಿ ತಿಂಗಳು ಬ್ಯಾಂಕ್ ಖಾತೆಗೆ ಬರುತ್ತದೆ, ಅಲ್ವಾ? ಅದೇ ಕೆಲಸಕ್ಕೆ ಬಂತು. ಮನೆ ಕೊಳ್ಳೋಕೇ ಸಾಲ ಮಾಡಿದವರು ಅದೇ ಬ್ಯಾಂಕಿನಲ್ಲಿ ಟಾಪ್-ಅಪ್ (ಇರುವ ಸಾಲದ ಮೇಲೆ ಹೆಚ್ಚುವರಿ ಸಾಲ) ಕೇಳಿ, ಪತ್ರಗಳು ಅವರ ಹತ್ತಿರವೇ ಇರುವುದರಿಂದ ಓಡಾಟ ಕಡಿಮೆ.

ಈಗ ಬಡ್ಡಿ ಲೆಕ್ಕ. ಇಲ್ಲಿ ನಿಧಾನವಾಗಿ ಕೂತು ಯೋಚನೆ ಮಾಡಿ. ನಾವು ಸಾಲಕ್ಕೆ ಲೆಕ್ಕ ಹಾಕಿದ್ದು ಮೂರೂವರೆ ಲಕ್ಷ. ಅಷ್ಟಕ್ಕೆ ಪರ್ಸನಲ್ ಲೋನ್ ಶೇ. 14ರಲ್ಲಿ ಐದು ವರ್ಷಕ್ಕೆ ತೆಗೆದರೆ ಕಂತು ಸುಮಾರು 8,140 ರೂಪಾಯಿ, ಒಟ್ಟು ಬಡ್ಡಿ ಸುಮಾರು 1,38,000. ಮನೆ ರಿಪೇರಿ ಸಾಲ ಶೇ. 9.5ರಲ್ಲಿ ಐದು ವರ್ಷಕ್ಕಾದರೆ ಕಂತು 7,350, ಬಡ್ಡಿ 91,000. ಅದನ್ನೇ ಏಳು ವರ್ಷಕ್ಕೆ ಎಳೆದರೆ ಕಂತು 5,720ಕ್ಕೆ ಇಳಿಯುತ್ತದೆ, ಆದರೆ ಬಡ್ಡಿ 1,30,000 ದಾಟುತ್ತದೆ. ಅಂದರೆ ದುಬಾರಿ ಸಾಲದ ಹತ್ತಿರಕ್ಕೇ ಬಂದು ನಿಲ್ಲುತ್ತದೆ! ಕಂತು ಕಡಿಮೆ ಅಂತ ಮಾತ್ರ ನೋಡಬೇಡಿ.

ಆದರೂ ನಾವು ಏಳು ವರ್ಷದ್ದನ್ನೇ ಆರಿಸಿಕೊಂಡೆವು. ನೂಲಿಗೆ ಒಂದು ತಿಂಗಳು ಒಳ್ಳೆ ಬೆಲೆ, ಇನ್ನೊಂದು ತಿಂಗಳು ಗೂಡು ಕೊಂಡ ದುಡ್ಡೂ ಹುಟ್ಟುವುದಿಲ್ಲ. ಬದಲಾಗುವ ಬಡ್ಡಿ ದರದ ಗೃಹ ಸಾಲವನ್ನು ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಹಾಗಾಗಿ ಕೈಲಿ ಇದ್ದಾಗ ಅಸಲಿಗೆ ಜಾಸ್ತಿ ಕಟ್ಟುತ್ತೇವೆ, ಇಲ್ಲದಾಗ ಬರೀ ಕಂತು. ಸಹಿ ಹಾಕುವ ಮುಂಚೆ 'ಪ್ರಮುಖ ಅಂಶಗಳ ಹೇಳಿಕೆ' ಕೇಳಿ ಪಡೆಯಿರಿ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ಇನ್ಶೂರೆನ್ಸ್ ಎಲ್ಲಾ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅಂತ ಅದರಲ್ಲೇ ಇರುತ್ತದೆ.

ಇನ್ನೊಂದು ವಿಷಯ. ಬ್ಯಾಂಕಿನವರು ಹಣವನ್ನು ಒಂದೇ ಸಲ ಕೊಡಲಿಲ್ಲ. ಕೆಲಸ ನೋಡಿ, ಫೋಟೋ ತೆಗೆದು, ಹಂತ ಹಂತವಾಗಿ ಕೊಟ್ಟರು. ಮೇಸ್ತ್ರಿಗೆ ಮಾತ್ರ ಶನಿವಾರ ಕೂಲಿ ಬೇಕೇ ಬೇಕು. ಆ ನಡುವಿನ ಖರ್ಚಿಗೆ ನನ್ನ ಎರಡು ಬಳೆ ಬ್ಯಾಂಕಿನಲ್ಲೇ ಅಡವಿಟ್ಟು 50,000 ತಂದೆವು. ಗಿರವಿ ಅಂಗಡಿಗೆ ಹೋಗಲಿಲ್ಲ. ಪಿಎಫ್ ಇರುವವರು ಮನೆ ಕೆಲಸಕ್ಕೆ ನಮೂನೆ 31ರಲ್ಲಿ ಮುಂಗಡ ಕೇಳಬಹುದು. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ, ತಾವೇ ವಾಸವಿರುವ ಮನೆಯ ರಿಪೇರಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿವರೆಗೆ ವಿನಾಯಿತಿ ಇದೆ. ಸಂಘದ ವಾರದ ಕಂತಿನ ಸಾಲವನ್ನು ಮಾತ್ರ ಮನೆ ರಿಪೇರಿಗೆ ತರಬೇಡಿ. ಚಾವಣಿ ಕೆಲಸ ಮುಗಿಯುವ ಮುಂಚೆಯೇ ಕಂತು ಶುರುವಾಗಿರುತ್ತದೆ.

ಮೂಲ ಪತ್ರಗಳನ್ನು ಬ್ಯಾಂಕಿಗೆ ಕೊಡುವಾಗ ಪಟ್ಟಿ ಮಾಡಿ, ಸಹಿ ಸೀಲು ಹಾಕಿಸಿಕೊಳ್ಳಿ. ಸಾಲ ತೀರಿದ 30 ದಿನದೊಳಗೆ ಅವರು ಅವನ್ನು ವಾಪಸ್ ಕೊಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕಟ್ಟಿಕೊಡಬೇಕು. ನಮ್ಮ ಪಟ್ಟಿಯಲ್ಲಿ ಒಂಬತ್ತು ಕಾಗದಗಳಿವೆ. ಅದನ್ನು ಪಾಸ್‌ಬುಕ್ ಒಳಗೆ ಮಡಚಿ ಇಟ್ಟಿದ್ದೇನೆ. ಅದರ ಜೊತೆಗೇ ಇನ್ನೂ ಮಾಡಿಸದ ಅಡುಗೆಮನೆ ಕಪಾಟಿನ 60,000 ರೂಪಾಯಿಯ ಕೊಟೇಶನ್ ಕೂಡ ಇದೆ.