ವರ್ಕ್‌ಶಾಪ್‌ಗೆ ಅಪ್ರೆಂಟಿಸ್ ತಗೊಳೋದು ಹೇಗೆ, ತಗೊಂಡ್ಮೇಲೆ ಕಲಿಸೋದು ಹೇಗೆ

ಪೀಣ್ಯ ಕಡೆ ಸಣ್ಣ ಮಷೀನ್ ಶಾಪ್ ಇಟ್ಕೊಂಡಿರೋ ಯಾರನ್ನೇ ಕೇಳಿ, ಒಂದೇ ಗೋಳು. ಹುಡುಗ್ರು ಸಿಗ್ತಿಲ್ಲ, ಸಿಕ್ಕಿದ್ರೂ ನಿಲ್ತಿಲ್ಲ, ನಿಂತ್ರೂ ಕೆಲಸ ಬರಲ್ಲ. ಸರಿ ಹಾಗಾದ್ರೆ ಅಪ್ರೆಂಟಿಸ್ ತಗೊಂಡು ನೀವೇ ಕಲಿಸಿ ಅಂದ್ರೆ "ಅಯ್ಯೋ ಬೇಡಪ್ಪ, ಗೌರ್ಮೆಂಟ್ ಸಹವಾಸ, ಆಮೇಲೆ ಪರ್ಮನೆಂಟ್ ಮಾಡು ಅಂತ ಕೂತ್ಕೋತಾರೆ" ಅಂತಾರೆ. ಈ ಭಯಕ್ಕೆ ಆಧಾರ ಇಲ್ಲ. 1961ರ ಅಪ್ರೆಂಟಿಸ್ ಆಕ್ಟ್ ಪ್ರಕಾರ ಅಪ್ರೆಂಟಿಸ್ ಅಂದ್ರೆ ಟ್ರೈನಿ, ವರ್ಕರ್ ಅಲ್ಲ, ಟ್ರೈನಿಂಗ್ ಮುಗಿದ್ಮೇಲೆ ಕೆಲಸ ಕೊಡ್ಲೇಬೇಕು ಅಂತೇನೂ ಇಲ್ಲ. ಮುಗಿದ್ಮೇಲೆ ನಮ್ಮಲ್ಲೇ ಕೆಲಸ ಮಾಡ್ಬೇಕು ಅಂತ ನೀವಾಗೇ ಕಾಂಟ್ರಾಕ್ಟಲ್ಲಿ ಕಂಡಿಶನ್ ಹಾಕಿದ್ರೆ ಮಾತ್ರ ಕೆಲಸ ಕೊಡೋ ಜವಾಬ್ದಾರಿನೂ ನಿಮ್ದಾಗತ್ತೆ, ಸೋ ಸೈನ್ ಹಾಕೋ ಮುಂಚೆ ಆ ಸಾಲು ಓದ್ಕೊಳ್ಳಿ.

ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಗೊತ್ತೇ ಇಲ್ಲ, 30 ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಕಂಪ್ನಿ ಅಪ್ರೆಂಟಿಸ್ ತಗೊಳ್ಲೇಬೇಕು. 2019ರಲ್ಲಿ ರೂಲ್ಸ್ ತಿದ್ದುಪಡಿ ಆದಾಗ ಬಂದಿದ್ದು ಇದು. 4ರಿಂದ 29 ಜನ ಇದ್ರೆ ನಿಮ್ಮಿಷ್ಟ. ಎಷ್ಟು ಜನ ಅಂದ್ರೆ ಒಟ್ಟು ಸ್ಟ್ರೆಂತ್‌ನ 2.5 ಪರ್ಸೆಂಟ್‌ನಿಂದ 15 ಪರ್ಸೆಂಟ್ ಒಳಗೆ, ಆ ಸ್ಟ್ರೆಂತಲ್ಲಿ ಕಾಂಟ್ರಾಕ್ಟ್ ಹುಡುಗ್ರೂ ಸೇರ್ತಾರೆ. 40 ಜನ ಇರೋ ಶಾಪಿಗೆ ಕಮ್ಮಿ ಅಂದ್ರೆ ಒಬ್ಬ, ಜಾಸ್ತಿ ಅಂದ್ರೆ ಆರು. ಮೊದಲ ಸಲ ತಗೊಳ್ತಿದ್ರೆ ಇಬ್ಬರು ಸಾಕು, ದಯವಿಟ್ಟು ಒಂದೇ ಸಲ ಆರು ಜನಾನ ತುಂಬ್ಕೋಬೇಡಿ. ಇಬ್ಬರು ಯಾಕೆ ಅಂದ್ರೆ ಒಬ್ಬನೇ ಇದ್ರೆ ಊಟಕ್ಕೆ ಜೊತೆ ಇಲ್ದೆ ತಿಂಗಳೊಳಗೆ ಊರಿಗೆ ಹೋಗ್ಬಿಡ್ತಾನೆ.

ಪೋರ್ಟಲ್ ಓಪನ್ ಮಾಡೋ ಮುಂಚೆ ಒಂದು ಕೆಲಸ ಇದೆ. ಕಲಿಸೋರು ಯಾರು ಅಂತ ಡಿಸೈಡ್ ಮಾಡಿ. ಎಲ್ಲರೂ ಎಡವೋದು ಇಲ್ಲೇ. "ಎಲ್ಲರೂ ಇದಾರಲ್ಲ, ನೋಡಿ ಕಲೀತಾನೆ ಬಿಡಿ" ಅಂತ ಬಿಟ್ರೆ ಆ ಹುಡುಗ ಬರ್ (ಪೀಸ್ ಅಂಚಲ್ಲಿ ಉಳಿಯೋ ಚೂಪು ಚೂರು) ಕ್ಲೀನ್ ಮಾಡೋದು, ಚಿಪ್ಸ್ (ಲೋಹದ ಸಿಪ್ಪೆ) ಎತ್ತೋದು, ಟೀ ತರೋದು ಬಿಟ್ಟು ಬೇರೇನೂ ಕಲಿಯಲ್ಲ. ಶಾಪಲ್ಲಿ ಫಸ್ಟ್ ಕ್ಲಾಸ್ ಸೆಟ್ಟರ್ (ಮಷೀನ್ ಸೆಟ್ ಮಾಡೋನು) ಅನ್ಸ್ಕೊಂಡಿರೋನು ಕಲಿಸೋದ್ರಲ್ಲೂ ಫಸ್ಟ್ ಕ್ಲಾಸ್ ಅಂತ ಅಂದ್ಕೋಬೇಡಿ, ಕೆಲವರಿಗೆ ಕೈ ಓಡತ್ತೆ ಬಾಯಿ ಓಡಲ್ಲ, ಇನ್ನು ಕೆಲವರಿಗೆ ಇವನಿಗೆ ಕಲಿಸಿದ್ರೆ ನಾಳೆ ನನ್ನ ಸೀಟಿಗೇ ಬರ್ತಾನೆ ಅನ್ನೋ ಭಯ. ಆ ಭಯ ತೆಗೀಬೇಕಾದೋರು ಓನರ್ರೇ. ಕಲಿಸೋನಿಗೆ ತಿಂಗಳಿಗೆ ಸ್ವಲ್ಪ ಎಕ್ಸ್‌ಟ್ರಾ ಅಲೋಯನ್ಸ್ ಕೊಡಿ, ಪ್ರೊಡಕ್ಷನ್ ಟಾರ್ಗೆಟ್ ಸ್ವಲ್ಪ ಇಳಿಸಿ. ಟಾರ್ಗೆಟ್ ಹಂಗೇ ಇಟ್ಟು ಕಲಿಸು ಅಂದ್ರೆ ಯಾವ ಪುಣ್ಯಾತ್ಮನೂ ಕಲಿಸಲ್ಲ.

ಈಗ ರಿಜಿಸ್ಟ್ರೇಷನ್. ಐಟಿಐ ಹುಡುಗ್ರು ಮತ್ತೆ ಫ್ರೆಶರ್ಸ್‌ಗೆ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್, ಡಿಪ್ಲೊಮಾ ಇಂಜಿನಿಯರಿಂಗ್ ಮಾಡಿರೋರಿಗೆ ನ್ಯಾಟ್ಸ್ (ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಟ್ರೈನಿಂಗ್ ಸ್ಕೀಮ್) ಪೋರ್ಟಲ್, ಎರಡೂ ಬೇರೆ ಬೇರೆ, ಮಿಕ್ಸ್ ಮಾಡ್ಕೋಬೇಡಿ. ಕಂಪ್ನಿ ಡೀಟೇಲ್ಸ್ ಹಾಕಿ, ಟ್ರೇಡ್ ಸೆಲೆಕ್ಟ್ ಮಾಡಿ ಆಪರ್ಚುನಿಟಿ ಪೋಸ್ಟ್ ಮಾಡಿ, ಆಮೇಲೆ ಹುಡುಗನ ಜೊತೆ ಕಾಂಟ್ರಾಕ್ಟ್ ಪೋರ್ಟಲಲ್ಲೇ ಆಗತ್ತೆ. ಮೈನರ್ ಆದ್ರೆ ತಂದೆತಾಯಿ ಸೈನ್ ಬೇಕು. ಕಾನೂನು ಪ್ರಕಾರ 14 ವರ್ಷ ಆಗಿದ್ರೆ ಸಾಕು, ಅಪಾಯದ ಇಂಡಸ್ಟ್ರಿಗಾದ್ರೆ 18, ಆದ್ರೆ ಮಷೀನ್ ಶಾಪಿಗೆ 18ರ ಕೆಳಗಿನೋರನ್ನ ತಗೊಳೋದು ಬೇಡ ಅಂತ ನಾನು ಹೇಳ್ತೀನಿ. ಬರೀ ಪೋರ್ಟಲ್ ನಂಬ್ಕೊಂಡು ಕೂತ್ರೂ ಆಗಲ್ಲ, ಹತ್ರದ ಐಟಿಐಗೆ ಹೋಗಿ ಟ್ರೇಡ್ ಇನ್‌ಸ್ಟ್ರಕ್ಟರ್‌ನ ಮಾತಾಡ್ಸಿ. ಯಾವ ಹುಡುಗ ಮಾರ್ಕ್ಸಿಗೆ ಓದೋನು, ಯಾವ ಹುಡುಗ ಫೈಲ್ ಹಿಡಿದ್ರೆ ಬಿಡಲ್ಲ ಅಂತ ಅವ್ರಿಗೆ ಸರ್ಯಾಗಿ ಗೊತ್ತಿರತ್ತೆ.

ಸ್ಟೈಪೆಂಡ್. 2019ರ ರೂಲ್ಸ್ ಪ್ರಕಾರ ಐಟಿಐ ಪಾಸಾದೋರಿಗೆ ತಿಂಗಳಿಗೆ ಮಿನಿಮಮ್ 7000, ಡಿಪ್ಲೊಮಾಗೆ 8000, ಡಿಗ್ರಿಗೆ 9000, ಎರಡನೇ ವರ್ಷ 10 ಪರ್ಸೆಂಟ್ ಜಾಸ್ತಿ. 2025ರ ಮೇ ತಿಂಗಳಲ್ಲಿ ಇದನ್ನ 36 ಪರ್ಸೆಂಟ್ ಏರಿಸೋಕೆ ಸೆಂಟ್ರಲ್ ಅಪ್ರೆಂಟಿಸ್‌ಶಿಪ್ ಕೌನ್ಸಿಲ್ ಶಿಫಾರಸು ಮಾಡಿದೆ, ಅದಕ್ಕೆ ಕಾಂಟ್ರಾಕ್ಟ್ ಮಾಡೋ ದಿನ ಪೋರ್ಟಲಲ್ಲಿ ರೇಟ್ ಒಂದ್ಸಲ ಚೆಕ್ ಮಾಡ್ಕೊಳ್ಳಿ. ನ್ಯಾಪ್ಸ್ (ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಪ್ರಮೋಷನ್ ಸ್ಕೀಮ್) ಅನ್ನೋ ಸ್ಕೀಮಲ್ಲಿ ಸ್ಟೈಪೆಂಡ್‌ನ 25 ಪರ್ಸೆಂಟ್, ಹೆಚ್ಚಂದ್ರೆ 1500 ರೂಪಾಯಿ ಸೆಂಟ್ರಲ್ ಗೌರ್ಮೆಂಟ್ ಕೊಡತ್ತೆ, 2023ರಿಂದ ಅದು ನೇರ ಹುಡುಗನ ಅಕೌಂಟಿಗೇ ಹೋಗತ್ತೆ, ಹಂಗಾಗಿ ಅವನ ಬ್ಯಾಂಕ್ ಅಕೌಂಟಿಗೆ ಆಧಾರ್ ಲಿಂಕ್ ಆಗಿದ್ಯಾ ಅಂತ ಮೊದಲನೇ ದಿನವೇ ನೋಡ್ಬಿಡಿ. ನಿಮ್ಮ ಪಾಲು ಮುಂದಿನ ತಿಂಗಳು 10ನೇ ತಾರೀಖಿನೊಳಗೆ ಬೀಳ್ಬೇಕು. ಆದ್ರೆ ಮಿನಿಮಮ್ ಅನ್ನೋದು ಮಿನಿಮಮ್ಮು ಅಷ್ಟೇ, ಯಾದಗಿರಿಯಿಂದಲೋ ರಾಯಚೂರಿಂದಲೋ ಬಂದಿರೋ ಹುಡುಗ ಬೆಂಗಳೂರಲ್ಲಿ ರೂಮ್ ಬಾಡಿಗೆ ಕಟ್ಟಿ 7000ದಲ್ಲಿ ಬದುಕೋದು ಹೆಂಗೆ ಅಂತ ಲೆಕ್ಕ ಹಾಕಿ ನೋಡಿ. ಜಾಸ್ತಿ ಕೊಡಕ್ಕಾಗ್ದಿದ್ರೆ ಮಧ್ಯಾಹ್ನದ ಊಟ, ಸೇಫ್ಟಿ ಶೂ, ಹತ್ರದಲ್ಲೊಂದು ರೂಮು ನೋಡ್ಕೊಡಿ. ದೀಪಾವಳಿಗೆ ಊರಿಗೆ ಹೋದೋನು ವಾಪಸ್ ಬರ್ಬೇಕು ಅಂದ್ರೆ ಇವೇ ಮುಖ್ಯ.

ಪಿಎಫ್ ಇಎಸ್‌ಐ ಅಪ್ರೆಂಟಿಸ್‌ಗೆ ಬರಲ್ಲ, ಉಳೀತು ಅಂತ ಖುಷಿಪಡೋ ಮುಂಚೆ ಇದನ್ನ ಕೇಳಿ. ಕೆಲಸದಲ್ಲಿ ಪೆಟ್ಟಾದ್ರೆ ಪರಿಹಾರ ಕೊಡೋ ಹೊಣೆ ನಿಮ್ಮ ಮೇಲೇ ಇರತ್ತೆ. ಇಎಸ್‌ಐ ಇಲ್ಲ ಅಂದ್ರೆ ಆ ದುಡ್ಡು ನಿಮ್ಮ ಜೇಬಿಂದ, ಅದಕ್ಕೆ ಅಪ್ರೆಂಟಿಸ್ ಹೆಸರು ಸೇರಿಸಿ ಒಂದು ಕಾಂಪೆನ್ಸೇಷನ್ ಪಾಲಿಸಿ ಮಾಡ್ಸಿಬಿಡಿ. ಓವರ್‌ಟೈಮ್ ಮಾಡಿಸೋ ಹಂಗಿಲ್ಲ, ಮಾಡಿಸ್ಲೇಬೇಕು ಅಂದ್ರೆ ಅಪ್ರೆಂಟಿಸ್‌ಶಿಪ್ ಅಡ್ವೈಸರ್ (ಇದನ್ನ ನೋಡ್ಕೊಳ್ಳೋ ಸರ್ಕಾರಿ ಅಧಿಕಾರಿ) ಒಪ್ಪಿಗೆ ಬೇಕು. ಪೀಸ್ ರೇಟ್ ಮೇಲೆ ದುಡ್ಡು ಕೊಡೋದೂ ಇಲ್ಲ.

ಇನ್ನು ಕಲಿಸೋದು. ಐಟಿಐ ಟರ್ನರ್ ಮುಗ್ಸಿ ಬಂದ ಹುಡುಗನಿಗೆ ವರ್ನಿಯರ್ (ಸೂಕ್ಷ್ಮ ಅಳತೆ ಸಾಧನ) ಓದೋಕೆ ಬರತ್ತೆ ಅಂತ ಅಂದ್ಕೋಬೇಡಿ. ಮೊದಲನೇ ವಾರ ಮಷೀನ್ ಹತ್ರಾನೇ ಬಿಡ್ಬೇಡಿ. ರಿಜೆಕ್ಟ್ ಆದ ಹತ್ತು ಪೀಸ್ ಕೊಡಿ, ಮೈಕ್ರೋಮೀಟರಲ್ಲಿ ಅಳೆದು ಬರಿ ಅನ್ನಿ, ಅದೇ ಪೀಸ್‌ಗಳನ್ನ ಕ್ವಾಲಿಟಿಯೋರೂ ಅಳೀಲಿ, ಎರಡೂ ಪಕ್ಕಪಕ್ಕ ಇಡಿ. ಹುಡುಗನ ರೀಡಿಂಗ್ ಯಾವಾಗ್ಲೂ ಕೂದಲೆಳೆಯಷ್ಟು ಕಮ್ಮಿನೇ ಬರ್ತಿದೆ ಅಂದ್ರೆ ರ್‍ಯಾಚೆಟ್ (ಅಳತೆಗೆ ಬೇಕಾದಷ್ಟೇ ಒತ್ತಡ ಕೊಡೋ ತುದಿಯ ತಿರುಪು) ಬಿಟ್ಟು ತಿರುಗೋ ಕೊಳವೆ ಥಿಂಬಲ್‌ನ ಬಿಗಿಯಾಗಿ ತಿರುಗಿಸ್ತಿದಾನೆ ಅಂತ ಅರ್ಥ. ರೀಡಿಂಗ್ ನಂಬೋ ಹಂಗಾದ್ಮೇಲೆ ಡ್ರಾಯಿಂಗ್, ಆಮೇಲೆ ಲೋಡಿಂಗ್ ಅನ್‌ಲೋಡಿಂಗ್, ಅದಾದ್ಮೇಲೆ ಆಫ್‌ಸೆಟ್, ಅಂದ್ರೆ ಸೈಜ್ ಸರಿ ಮಾಡೋಕೆ ಮಷೀನಿಗೆ ಕೊಡೋ ತಿದ್ದುಪಡಿ ನಂಬರ್.

ಸಿಎನ್‌ಸಿಲಿ (ಕಂಪ್ಯೂಟರ್ ಕಂಟ್ರೋಲ್ ಇರೋ ಮಷೀನಲ್ಲಿ) ಕೈ ನಡುಗೋದು ಆಫ್‌ಸೆಟ್ ಪೇಜಲ್ಲೇ. ಉದಾಹರಣೆಗೆ ಫ್ಯಾನಕ್ ಕಂಪ್ನಿ ಕಂಟ್ರೋಲ್ ಇರೋ ಲೇತು, ಹೊರ ಡಯಾ 25.00 ಎಂಎಂ ಬರ್ಬೇಕು, 25.06 ಬಂತು, ವೇರ್ ಆಫ್‌ಸೆಟಲ್ಲಿ (ಟೂಲ್ ಸವೆತಕ್ಕೆ ಹಾಕೋ ತಿದ್ದುಪಡಿ) ಆಗ್ಲೇ ಮೈನಸ್ 0.10 ಇದೆ. ಈಗ ಮೈನಸ್ 0.06 ಟೈಪ್ ಮಾಡಿ ಪ್ಲಸ್ ಇನ್‌ಪುಟ್ ಬಟನ್ ಒತ್ತಿದ್ರೆ ಹಳೇದಕ್ಕೆ ಸೇರಿ ಮೈನಸ್ 0.16 ಆಗತ್ತೆ, ಸೈಜ್ ಸರಿ ಬರತ್ತೆ. ಬರೀ ಇನ್‌ಪುಟ್ ಒತ್ತಿದ್ರೆ ಹಳೇದು ಅಳಿಸಿ ಹೋಗಿ ಮೈನಸ್ 0.06 ಮಾತ್ರ ಉಳಿಯತ್ತೆ, ಮುಂದಿನ ಪೀಸ್ 25.10 ಬರತ್ತೆ, ಹುಡುಗ ತಲೆ ಕೆಡಿಸ್ಕೋತಾನೆ, ನಾನು ಕಮ್ಮಿ ಮಾಡಿದ್ರೆ ಇದ್ಯಾಕೆ ಜಾಸ್ತಿ ಆಯ್ತು ಅಂತ. ಡೆಸಿಮಲ್ ಪಾಯಿಂಟ್ ಕಥೆ ಇನ್ನೊಂದು, ಪಾಯಿಂಟ್ ಹಾಕ್ದೆ 6 ಅಂತ ಹೊಡೆದ್ರೆ ಮಷೀನ್ ಸೆಟ್ಟಿಂಗ್ ಮೇಲೆ ಅದು 6 ಮೈಕ್ರಾನೂ ಆಗ್ಬೋದು 6 ಎಂಎಂ ಕೂಡ ಆಗ್ಬೋದು. ಇಂಥದ್ನ ಬೋರ್ಡ್ ಮೇಲೆ ಬರ್ದು ಕಲಿಸಕ್ಕಾಗಲ್ಲ. ಜಾಬ್ ಇಲ್ದೆ, ಸ್ಪಿಂಡಲ್ ನಿಲ್ಸಿ, ಪಕ್ಕದಲ್ಲಿ ನಿಂತು, ಅವನ ಕೈಲೇ ಒತ್ತಿಸಿ, ಪ್ರತಿ ಸಲ ಒತ್ತೋ ಮುಂಚೆ "ಈಗ ನಂಬರ್ ಎಷ್ಟಾಗತ್ತೆ" ಅಂತ ಬಾಯಲ್ಲಿ ಹೇಳಿಸಿ. ಸರ್ಯಾಗಿ ಹೇಳೋವರೆಗೂ ಬಟನ್ ಮುಟ್ಟೋ ಹಂಗಿಲ್ಲ ಅನ್ನೋ ರೂಲ್ ಮಾಡಿ.

ಒಂದು 200 ಪೇಜ್ ಬುಕ್ ತೆಗ್ದುಕೊಡಿ, ದಿನಾ ಏನ್ ಮಾಡ್ದ, ಏನ್ ಹಾಳು ಮಾಡ್ದ ಅಂತ ಕನ್ನಡದಲ್ಲೇ ಬರೀಲಿ, ವಾರಕ್ಕೊಂದ್ಸಲ ಕಲಿಸೋನು ಸೈನ್ ಹಾಕ್ಲಿ. ನೀವು ಬೇರೇನೂ ನೋಡ್ದಿದ್ರೂ ಆ ಬುಕ್ ನೋಡಿ. ಮೂರು ವಾರ ಬರೀ "ಡೀಬರ್ರಿಂಗ್, ಪ್ಯಾಕಿಂಗ್" ಅಂತಾನೇ ಇದ್ರೆ ಹುಡುಗನ್ನ ಬೈಬೇಡಿ, ಸೂಪರ್‌ವೈಸರ್‌ನ ಕರೀರಿ. ಡಿಸ್ಪ್ಯಾಚ್ ಪ್ರೆಶರ್ ಬಂದಾಗೆಲ್ಲ ಮೊದಲು ಎಳೆಯೋದು ಅಪ್ರೆಂಟಿಸ್‌ನೇ, ಎಲ್ಲಾ ಶಾಪಲ್ಲೂ ಹಿಂಗೇ.

ಕೊನೇ ಎರಡು ತಿಂಗಳು ಥಿಯರಿಗೆ ಟೈಮ್ ಬಿಡಿ. ಡೆಸಿಗ್ನೇಟೆಡ್ ಟ್ರೇಡ್ (ಸರ್ಕಾರ ಗುರುತಿಸಿರೋ ಕೆಲಸದ ವಿಭಾಗ) ಆದ್ರೆ ಆಲ್ ಇಂಡಿಯಾ ಟ್ರೇಡ್ ಟೆಸ್ಟ್ ಬರೀಬೇಕು, ಪಾಸಾದ್ರೆ ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗತ್ತೆ, ಹುಡುಗ್ರಿಗೆ ಮುಂದೆ ರೈಲ್ವೆ, ಪಿಎಸ್‌ಯು ಅಪ್ಲಿಕೇಶನ್ ಹಾಕೋವಾಗ ಅದು ಉಪಯೋಗಕ್ಕೆ ಬರತ್ತೆ. ಎಕ್ಸಾಮ್ ಫಾರ್ಮ್ ತುಂಬೋ ಡೇಟ್ ಆಫೀಸಲ್ಲಿ ಯಾರಾದ್ರೂ ಒಬ್ಬರು ಕ್ಯಾಲೆಂಡರಲ್ಲಿ ಗುರುತು ಹಾಕಿಟ್ಕೊಳ್ಳಿ, ಹುಡುಗನ ಮೇಲೆ ಬಿಟ್ರೆ ಮಿಸ್ ಆಗತ್ತೆ. ನಿಮಗೆ ಅವನು ಬೇಕು ಅನ್ಸಿದ್ರೆ ರಿಸಲ್ಟಿಗೆ ಕಾಯ್ಬೇಡಿ, ಟ್ರೈನಿಂಗ್ ಮುಗಿಯೋಕೆ ತಿಂಗಳು ಇರೋವಾಗ್ಲೇ ಸಂಬಳ ಎಷ್ಟು, ಶಿಫ್ಟ್ ಯಾವ್ದು ಅಂತ ಲೆಟರಲ್ಲಿ ಬರ್ದು ಕೈಗೆ ಕೊಡಿ, ಇಲ್ಲಾಂದ್ರೆ ಪಕ್ಕದ ಶೆಡ್‌ನೋರು ಎರಡು ಸಾವಿರ ಜಾಸ್ತಿ ಹೇಳಿ ಕರ್ಕೊಂಡೋಗ್ತಾರೆ.