ಎಬಿಎಸ್ ಯೂನಿಟ್ ಬದಲಿಸದೆ ಪೆಡಲ್ ಅದುರಿಸಿದ ನನ್ನ ಅನುಭವ

ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವುದು ಎಬಿಎಸ್, ಅದು ಕೆಲಸ ಮಾಡುವಾಗ ಪೆಡಲ್ ಅದುರುತ್ತದೆ. ಅದು ಕೆಲಸ ಮಾಡಲಿಲ್ಲ ಎಂದರೆ ನಮ್ಮವರ ಬಾಯಲ್ಲಿ ಬರುವ ಮೊದಲ ಮಾತು ‘ಯೂನಿಟ್ ಹೋಗಿದೆ’. ಯೂನಿಟ್ ಎಂದರೆ ಎಬಿಎಸ್‌ನ ಪಂಪ್, ವಾಲ್ವ್‌ಗಳು ಮತ್ತು ಕಂಪ್ಯೂಟರ್ ಸೇರಿದ ಪೆಟ್ಟಿಗೆ. ಹಳೆಯ ಕಾರಿಗೆ ಹೊಸ ಯೂನಿಟ್ ಹಾಕಿಸುವ ಹೊತ್ತಿಗೆ ಆ ಕಾರನ್ನು ಮಾರಿದರೆ ಬರುವ ಹಣದ ಕಾಲುಭಾಗ ಕರಗಿರುತ್ತದೆ. ನಾನು ಹೇಳಹೊರಟಿರುವ ಕಾರು ಒಂದು ಬೋಲ್ಟ್, ಒಂದು ಮೊಳ ವೈರ್ ಮತ್ತು ಒಂದು ತುಂಡು ಎಮರಿ ಪೇಪರ್‌ನಲ್ಲಿ ಸರಿಯಾಯಿತು. ‘ಬಲ್ಬ್ ಹಿಡಿದುಕೊಂಡು ಎಬಿಎಸ್ ನೋಡುತ್ತಾನಂತೆ’ ಎಂದು ನಕ್ಕವರಿದ್ದರು. ಅವರೂ ಓದಲಿ ಎಂದೇ ಬರೆಯುತ್ತಿದ್ದೇನೆ.

ಕಾರಿಗೆ ಹತ್ತು ಹನ್ನೆರಡು ವರ್ಷವಾಗಿತ್ತು. ದಿನದ ಓಡಾಟದಲ್ಲಿ ಯಾವ ತಕರಾರೂ ಇಲ್ಲ, ಡ್ಯಾಶ್‌ಬೋರ್ಡಿನ ಎಬಿಎಸ್ ಎಚ್ಚರಿಕೆ ದೀಪವೂ ಹೊತ್ತುವುದಿಲ್ಲ. ಗಾಬರಿಯಲ್ಲಿ ಬ್ರೇಕ್ ತುಳಿದರೆ ಮಾತ್ರ ಪೆಡಲ್ ಒಂದೆರಡು ಸಲ ಅದುರಿ ಸುಮ್ಮನಾಗುತ್ತದೆ, ಮುಂದಿನ ಚಕ್ರಗಳು ಲಾಕ್ ಆಗಿ ಕಾರು ಜಾರುತ್ತದೆ, ಅದೇ ಕ್ಷಣಕ್ಕೆ ಎಬಿಎಸ್ ದೀಪ ಹೊತ್ತುತ್ತದೆ. ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದರೆ ದೀಪ ಮಾಯ. ನನ್ನ ಕೈಗೆ ಬರುವ ಮುಂಚೆಯೇ ಮುಂದಿನ ಚಕ್ರಗಳ ವೇಗ ಅಳೆಯುವ ಎರಡೂ ಸೆನ್ಸರ್, ಚಕ್ರದ ಒಂದು ಹಬ್ ಬೇರಿಂಗ್, ಕೊನೆಗೆ ಬ್ಯಾಟರಿ ಕೂಡ ಬದಲಾಗಿದ್ದವು. ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ‘ವೋಲ್ಟೇಜ್ ಕಡಿಮೆ’ ಎಂಬ ಕೋಡ್ ಬಂದಿತ್ತಂತೆ, ಅದಕ್ಕೆ ಬ್ಯಾಟರಿ. ಕೋಡ್ ಅಳಿಸುವುದು, ಒಂದು ಭಾಗ ಬದಲಿಸುವುದು, ಮತ್ತೆ ಕೋಡ್ ಅಳಿಸುವುದು. ಹೀಗೆ ಖರ್ಚಾದ ಹಣ ನಾನು ಆಮೇಲೆ ಪಡೆದ ಕೂಲಿಯ ಹತ್ತು ಹದಿನೈದು ಪಟ್ಟಾದರೂ ಇರಬೇಕು. ಮುಂದಿನ ಸಲಹೆ ಏನೆಂದು ಹೇಳಬೇಕಾಗಿಲ್ಲ: ಯೂನಿಟ್.

ಸ್ಕ್ಯಾನರ್ ಹಚ್ಚುವ ಮೊದಲು ನಾನು ನೋಡುವುದು ಒಂದೇ. ಚಕ್ರ ನಿಜವಾಗಿಯೂ ಲಾಕ್ ಆಗುತ್ತಿದೆಯೇ? ಟೈರಿನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದು, ಯಾರೂ ಓಡಾಡದ ಬಯಲಿನಲ್ಲಿ ನಲವತ್ತರ ವೇಗದಲ್ಲಿ ಬ್ರೇಕ್ ತುಳಿಸಿ, ದೂರದಲ್ಲಿ ನಿಂತು ಮೊಬೈಲ್‌ನಲ್ಲಿ ನಿಧಾನಗತಿಯ ವಿಡಿಯೊ ತೆಗೆಯುತ್ತೇನೆ. ಗಾಡಿ ಮುಂದೆ ಹೋಗುತ್ತಿರುವಾಗಲೇ ಗೆರೆ ನಿಂತಿದ್ದರೆ ಎಬಿಎಸ್ ಕೈಕೊಟ್ಟಿದೆ ಎಂದರ್ಥ. ಪೆಡಲ್ ಅದುರದೆಯೇ ಗೆರೆ ತಿರುಗುತ್ತಲೇ ಇದ್ದರೆ ಎಬಿಎಸ್‌ಗೆ ಅಲ್ಲಿ ಕೆಲಸವೇ ಇರಲಿಲ್ಲ. ಕೊನೆಯ ಒಂದು ಮಾರು ದೂರದಲ್ಲಿ ಗೆರೆ ನಿಂತದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ವೇಗ ಐದಾರು ಕಿಲೋಮೀಟರ್‌ಗೆ ಇಳಿದ ಮೇಲೆ ಎಬಿಎಸ್ ತಾನಾಗಿಯೇ ಕೈಬಿಡುತ್ತದೆ. ಆ ಕೊನೆಯ ಕಪ್ಪು ಗುರುತು ನೋಡಿ ಯೂನಿಟ್ ಕಳಚಿದವರನ್ನು ಕಂಡಿದ್ದೇನೆ.

ಈ ಗೆರೆಯಿಂದ ಒಂದು ವ್ಯಾನ್ ಉಳಿಯಿತು. ಎಷ್ಟು ತುಳಿದರೂ ಪೆಡಲ್ ಅದುರುವುದಿಲ್ಲ ಎಂದು ಬಂದ ಗಾಡಿ ಅದು. ವಿಡಿಯೊದಲ್ಲಿ ನಾಲ್ಕೂ ಗೆರೆಗಳು ಸಲೀಸಾಗಿ ತಿರುಗುತ್ತಿದ್ದವು. ಪ್ಯಾಡ್‌ಗಳು ಕಾದು ಕಾದು ಗಾಜಿನಂತೆ ನುಣುಪಾಗಿದ್ದವು, ಪ್ಯಾಡ್‌ಗಳನ್ನು ಒತ್ತುವ ಒಂದು ಕ್ಯಾಲಿಪರ್‌ನ ಪಿನ್ ಜಾಮ್ ಆಗಿತ್ತು. ಚಕ್ರವನ್ನು ಲಾಕ್ ಮಾಡುವಷ್ಟು ಹಿಡಿತವೇ ಇಲ್ಲದ ಬ್ರೇಕಿನಲ್ಲಿ ಎಬಿಎಸ್ ಏನು ಮಾಡಬೇಕು? ಪ್ಯಾಡ್ ಬದಲಿಸಿ, ಪಿನ್‌ಗೆ ಗ್ರೀಸ್ ಹಚ್ಚಿದೆ. ಮರುದಿನವೇ ಪೆಡಲ್ ಅದುರಿತು.

ನಮ್ಮ ಕಾರಿನಲ್ಲಿ ಗೆರೆ ನಿಂತೇಹೋಗಿತ್ತು. ಅಂದರೆ ದೋಷ ನಿಜ. ನಾಲ್ಕೂ ಚಕ್ರಗಳ ವೇಗ ಸ್ಕ್ಯಾನರ್‌ನಲ್ಲಿ ಒಂದೇ ಸಮನೆ ಬರುತ್ತಿತ್ತು, ಸೆನ್ಸರ್‌ಗಳ ತಂಟೆಗೆ ಹೋಗಲಿಲ್ಲ. ನನ್ನ ತಲೆ ಕೆಡಿಸಿದ್ದು ಆ ‘ಒಂದೆರಡು ಸಲ ಅದುರಿ ಸುಮ್ಮನಾಗುವುದು’. ಅಂದರೆ ಯೂನಿಟ್ ಕೆಲಸ ಶುರು ಮಾಡುತ್ತಿದೆ, ಪಂಪ್ ಮೋಟರ್ ಪೂರ್ತಿ ಕರೆಂಟ್ ಎಳೆಯುವ ಹೊತ್ತಿಗೆ ಕೈಚೆಲ್ಲುತ್ತಿದೆ. ಗಾಡಿ ಹೊರಟಾಗ ನಡೆಯುವ ಸ್ವಯಂಪರೀಕ್ಷೆಯಲ್ಲಿ ಪಂಪ್ ಒಂದು ಕ್ಷಣ ಭಾರವಿಲ್ಲದೆ ತಿರುಗಿ ನಿಲ್ಲುತ್ತದೆ, ಅಲ್ಲಿ ಪಾಸಾಗುವುದು ದೊಡ್ಡ ಸಂಗತಿಯಲ್ಲ. ಬ್ರೇಕ್ ಒತ್ತಡದ ಎದುರು ತಿರುಗುವಾಗ ಅದಕ್ಕೆ ಇಪ್ಪತ್ತು ಮೂವತ್ತು ಆಂಪ್ ಬೇಕು.

ಫ್ಯೂಸ್‌ಗಳು ಸರಿಯಿದ್ದವು. ಕರೆಂಟ್ ಚಾಸಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಅರ್ತ್ ವೈರನ್ನು ಮಲ್ಟಿಮೀಟರ್‌ನಲ್ಲಿ ನೋಡಿದರೆ ಅರ್ಧ ಓಮ್ ಕೂಡ ತೋರಿಸಲಿಲ್ಲ. ಮೊದಲು ನೋಡಿದವರು ಇಲ್ಲಿಗೇ ಬಿಟ್ಟಿದ್ದರು. ಮೀಟರಿನ ವೈರ್‌ಗಳೇ ಸೊನ್ನೆ ಪಾಯಿಂಟ್ ಎರಡೋ ಮೂರೋ ಓಮ್ ತೋರಿಸುತ್ತವೆ. ಅಷ್ಟೇ ಪ್ರಮಾಣದ ದೋಷ ಅದರ ಮರೆಯಲ್ಲಿ ಅಡಗಿದ್ದರೆ ಮೀಟರಿಗೆ ಕಾಣುವುದು ಹೇಗೆ? ಆದರೆ ಆ ಸೊನ್ನೆ ಪಾಯಿಂಟ್ ಎರಡು ಓಮ್ ಇಪ್ಪತ್ತೈದು ಆಂಪ್‌ಗೆ ಐದು ವೋಲ್ಟ್ ನುಂಗುತ್ತದೆ. ಯೂನಿಟ್‌ಗೆ ಉಳಿಯುವುದು ಎಂಟೋ ಒಂಬತ್ತೋ. ಅಷ್ಟಕ್ಕೆ ಅದು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ.

ಇಂಥ ದೋಷ ಕಾಣಬೇಕಾದರೆ ವೈರಿನಲ್ಲಿ ದೊಡ್ಡ ಕರೆಂಟ್ ಹರಿಯಬೇಕು. ಇಲ್ಲಿ ಬಲ್ಬ್ ಬಂತು. ಹೆಡ್‌ಲೈಟಿನ 60/55 ವ್ಯಾಟ್ ಬಲ್ಬ್, ಎರಡೂ ಫಿಲಮೆಂಟ್ ಒಟ್ಟಿಗೆ ಹೊತ್ತಿಸಿದರೆ ಒಂಬತ್ತು ಹತ್ತು ಆಂಪ್ ಎಳೆಯುತ್ತದೆ. ಯೂನಿಟ್‌ನ ಕನೆಕ್ಟರ್ ಕಳಚಿ, ಬಲ್ಬಿನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದನ್ನು ಪಂಪಿನ ಅರ್ತ್ ಪಿನ್‌ಗೆ ಕೊಟ್ಟೆ. ಪಿನ್ ಅಗಲವಾಗದಂತೆ ಅಲ್ಲಿ ವೈರ್ ಕೂರಿಸುವುದು ಹೇಗೆ ಎನ್ನುವುದು ನನ್ನ ಹೊಟ್ಟೆಪಾಡಿನ ಗುಟ್ಟು, ಅದನ್ನು ಬರೆಯುವುದಿಲ್ಲ. ಬಲ್ಬ್ ಮಂಕಾಗಿ ಹೊತ್ತಿತು. ಆ ಪಿನ್‌ನಿಂದ ಬ್ಯಾಟರಿಯ ನೆಗೆಟಿವ್‌ಗೆ ಅಳೆದಾಗ ಸುಮಾರು ಎರಡು ವೋಲ್ಟ್. ಇರಬೇಕಾದದ್ದು ಹೆಚ್ಚೆಂದರೆ ಸೊನ್ನೆ ಪಾಯಿಂಟ್ ಎರಡು.

ಬಲ್ಬ್ ಹೊತ್ತಿರುವಂತೆಯೇ ಮೀಟರಿನ ತುದಿಯನ್ನು ವೈರ್‌ಗುಂಟ ಸರಿಸುತ್ತ ಹೋದೆ. ಬ್ಯಾಟರಿ ಟ್ರೇ ಕೆಳಗಿನ ಚಾಸಿ ಬೋಲ್ಟ್ ದಾಟಿದ ಕೂಡಲೇ ಎರಡು ವೋಲ್ಟ್ ಮಾಯವಾಯಿತು. ಬೋಲ್ಟ್ ಬಿಗಿಯಾಗಿಯೇ ಇತ್ತು, ಮೇಲಿನಿಂದ ನೋಡಿದರೆ ಹೊಸದರಂತೆ. ಬಿಚ್ಚಿದಾಗ ಲಗ್ಗಿನ (ವೈರಿನ ತುದಿಯಲ್ಲಿ ಬೋಲ್ಟ್ ತೂರಿಸುವ ಲೋಹದ ತುಂಡು) ಕೆಳಗೆ ಹಸಿರು ಮಿಶ್ರಿತ ಬಿಳಿ ಪುಡಿ. ತಾಮ್ರ ಹೊಳೆಯುತ್ತಿದ್ದದ್ದು ತೂತಿನ ಒಂದು ಅಂಚಿನಲ್ಲಿ, ಉಗುರಿನ ತುದಿಯಷ್ಟು ಮಾತ್ರ. ಲಗ್ಗಿನೊಳಗೆ ಕೆಲವು ಎಳೆಗಳು ಕಪ್ಪಾಗಿ ಮುಟ್ಟಿದರೆ ಉದುರುತ್ತಿದ್ದವು. ಬ್ಯಾಟರಿಯ ಆಸಿಡ್ ಎಂದೋ ಸೋರಿ ಇಳಿದಿರಬೇಕು. ಲಗ್ ಕತ್ತರಿಸಿ ಹೊಸದನ್ನು ಕ್ರಿಂಪ್ ಮಾಡಿ, ಚಾಸಿಯನ್ನು ಲೋಹ ಕಾಣುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದೆ. ಮೇಲೇನು ಬಳಿದೆ ಎನ್ನುವುದೂ ನನ್ನಲ್ಲೇ ಇರಲಿ.

ಮತ್ತೆ ಬಲ್ಬ್ ಹಚ್ಚಿದರೆ ಸೊನ್ನೆ ಪಾಯಿಂಟ್ ಒಂದರ ಆಸುಪಾಸು. ಸ್ಕ್ಯಾನರ್‌ನಿಂದ ಪಂಪ್ ಓಡಿಸಿದಾಗ ಹಿಂದೆ ನರಳುತ್ತಿದ್ದ ಮೋಟರ್ ಈಗ ಗರಗರ ಎಂದಿತು. ಬಯಲಿನಲ್ಲಿ ಅರವತ್ತರ ವೇಗದಿಂದ ತುಳಿದಾಗ ಗಾಡಿ ಇನ್ನೇನು ನಿಲ್ಲುವವರೆಗೂ ಪೆಡಲ್ ಅದುರಿತು. ವಿಡಿಯೊದಲ್ಲಿ ಸುಣ್ಣದ ಗೆರೆ ತಡವರಿಸುತ್ತ ತಿರುಗಿತೇ ಹೊರತು ನಿಲ್ಲಲಿಲ್ಲ. ನಕ್ಕವರಲ್ಲಿ ಒಬ್ಬರು ಆಮೇಲೆ ಬಲ್ಬ್ ಎಷ್ಟು ವ್ಯಾಟ್ ಎಂದು ವಿಚಾರಿಸಿದರು.

ಇದೇ ಗುಂಗಿನಲ್ಲಿ ಇನ್ನೊಂದು ಹಳೆಯ ಗಾಡಿಯ ಸೆನ್ಸರ್ ಮೇಲೂ ಪ್ರಯೋಗ ಮಾಡಿದೆ. ಅದು ಹಳೆಯ ಸುರುಳಿ ಮಾದರಿ, ಸಾವಿರ ಓಮ್ ಚಿಲ್ಲರೆಯದು. ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಉಬ್ಬಿದರೆ ಅದು ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗಿನಿಂದ ದೂರ ಸರಿಯುತ್ತದೆ. ಎಷ್ಟು ದೂರಕ್ಕೆ ಸಿಗ್ನಲ್ ಸಾಯುತ್ತದೆ ಎಂದು ನೋಡಲು ದಪ್ಪ ಕಾಗದದ ಚೂರುಗಳನ್ನು ಒಂದೊಂದಾಗಿ ಅಡಿಗೆ ಇಟ್ಟೆ. ಒಂದು ಮಿಲಿಮೀಟರ್‌ವರೆಗೆ ತೊಂದರೆಯಿಲ್ಲ. ಎರಡರ ಹತ್ತಿರ ಬಂದಾಗ ವೇಗ ಹದಿನೈದಕ್ಕಿಂತ ಇಳಿದ ಕೂಡಲೇ ಸ್ಕ್ಯಾನರ್‌ನಲ್ಲಿ ಆ ಚಕ್ರ ಸೊನ್ನೆ. ಹೀಗಾದರೆ ನಿಲ್ಲುವ ಹೊತ್ತಿಗೆ ಎಬಿಎಸ್ ಬೇಡದೆಯೂ ಅದುರುತ್ತದೆ, ನಮ್ಮ ಕಾರಿನ ತಕರಾರಿಗೆ ಪೂರ್ತಿ ತದ್ವಿರುದ್ಧ. ತುಕ್ಕು ಕೆರೆದರೆ ಸಾಕು, ಹೊಸ ಸೆನ್ಸರ್ ಬೇಡ.

ಕೈ ಬದಲಾದ ಗಾಡಿಯಾದರೆ ಕೀ ತಿರುಗಿಸಿದಾಗ ಎಬಿಎಸ್ ದೀಪ ಎರಡು ಮೂರು ಸೆಕೆಂಡ್ ಹೊತ್ತಿ ತಾನಾಗಿ ಆರುತ್ತದೆಯೇ ನೋಡಿ. ಎಂಜಿನ್ ಚಾಲೂ ಆದಾಗ ಆಯಿಲ್ ದೀಪದ ಜೊತೆಗೇ ಆರಿದರೆ ಯಾರೋ ಎರಡನ್ನೂ ಸೇರಿಸಿ ಕಟ್ಟಿರುವ ಅನುಮಾನ ಬರಬೇಕು. ಮಾರುವವರು ಮಾಡುವ ಕೆಲಸ ಅದು.

ಬಲ್ಬ್ ಪರೀಕ್ಷೆ ಪಂಪ್ ಮತ್ತು ವಾಲ್ವ್‌ಗಳ ದಪ್ಪ ವೈರ್‌ಗಳಿಗೆ ಮಾತ್ರ, ಅದೂ ಕನೆಕ್ಟರ್ ಕಳಚಿದ ಮೇಲೆ. ಸೆನ್ಸರಿನ ಸಣ್ಣ ವೈರ್‌ಗೆ ಹಚ್ಚಿದರೆ ಹೊಸ ಕಾಲದ ಸೆನ್ಸರ್ ಸುಟ್ಟೇಹೋಗುತ್ತದೆ. ಅದು ಕೆಲಸ ಮಾಡುವುದೇ ಏಳು ಮತ್ತು ಹದಿನಾಲ್ಕು ಮಿಲಿಆಂಪ್‌ಗಳ ನಡುವೆ.