ಮೇಣ ಹಚ್ಚಿದ ಬೈಂಡು ಮಳೆಗಾಲ ದಾಟಿತು

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನನ್ನದೊಂದು ಪುಸ್ತಕ, ಪೆನ್ನಿನ ಅಂಗಡಿ. ಈ ಸಲ ಜೂನ್‌ನಲ್ಲಿ ನಾನು ಒಂದೇ ಒಂದು ಪ್ಲಾಸ್ಟಿಕ್ ಬೈಂಡ್ (ಪುಸ್ತಕಕ್ಕೆ ಹಾಕುವ ಹೊದಿಕೆ) ಮಾರಲಿಲ್ಲ, ಮೇಣ ಹಚ್ಚಿದ ಕಾಗದದ್ದನ್ನೇ ಕೊಟ್ಟೆ. "ಮಳೆಗಾಲದಲ್ಲಿ ಕಾಗದದ ಬೈಂಡಾ? ಜುಲೈಗೆ ನಿಮ್ಮ ಅಂಗಡಿ ಮುಚ್ಚುತ್ತದೆ" ಅಂತ ಅಂಗಡಿಗೆ ಮಾಲು ತಂದು ಹಾಕುವ ಲೈನ್ ಸೇಲ್‌ನವರು ಹೇಳಿದ್ದರು. ಜುಲೈ ಹೋಯಿತು, ಓಣಂ ರಜೆಯೂ ಮುಗಿಯಿತು, ಮಕ್ಕಳ ಬೈಂಡ್ ಗಟ್ಟಿಯಾಗಿಯೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೇರಳದಲ್ಲಿ ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಟ್ಟಿಗೇ. ಕೊಡೆ ಇದ್ದರೂ ಬ್ಯಾಗ್ ನೆನೆಯುತ್ತದೆ. 2020ರ ಜನವರಿ 1ರಿಂದ ಇಲ್ಲಿ ಪ್ಲಾಸ್ಟಿಕ್ ಕೈಚೀಲ ನಿಂತಾಗ ನಾನೂ ಬಟ್ಟೆ ಚೀಲ ತಂದಿಟ್ಟೆ. ಆದರೆ ಚೀಲದೊಳಗೆ ಹಾಕಿ ಕೊಡುತ್ತಿದ್ದದ್ದು ಏನು? ಪ್ಲಾಸ್ಟಿಕ್ ಬೈಂಡಿನ ರೋಲು, ಬರೆದು ಬಿಸಾಡುವ ಪೆನ್ನು. ಅದು ಮನಸ್ಸಿಗೆ ಹಿಡಿಸಲಿಲ್ಲ.

ಮೊದಲ ವರ್ಷ, ಬರೆದು ಮುಗಿದ ಮೇಲೆ ನೆಡಲು ಬೀಜ ಇಟ್ಟ ಕಾಗದದ ಪೆನ್ನು ತಂದೆ, ಸುಮಾರು 300. ಜೋರು ಮಳೆಯ ಆಟಿ ತಿಂಗಳಲ್ಲಿ ಕಾಗದ ಉಬ್ಬಿ ರೀಫಿಲ್ ಜಾರಿ ಬೀಳತೊಡಗಿತು. ತಂದು ಕೊಟ್ಟವರು ವಾಪಸ್ ತೆಗೆದುಕೊಳ್ಳಲಿಲ್ಲ. ಎರಡೂವರೆ ಸಾವಿರ ಹೋಯಿತು. ಅಷ್ಟಕ್ಕೂ ಒಳಗಿನ ರೀಫಿಲ್ ಪ್ಲಾಸ್ಟಿಕ್ಕೇ ಅಲ್ವಾ.

ಆಮೇಲೆ ಅಡಿಕೆ ಮರದಿಂದ ಬೀಳುವ ಹಾಳೆ. ನಮ್ಮ ಕಡೆ ಅದಕ್ಕೇನು ಬರ? ನೆನೆಸಿ, ಒತ್ತಿ, ಒಣಗಿಸಿ ಬೈಂಡ್ ಮಾಡಲು ಎರಡು ತಿಂಗಳು ಒದ್ದಾಡಿದೆ. ಮಡಚಿದಲ್ಲಿ ಬಿರಿಯುತ್ತದೆ, ಮಡಚದಿದ್ದರೆ ಸುರುಟುತ್ತದೆ, ನಾಲ್ಕು ದಿನ ಬಿಸಿಲು ಕಾಣದಿದ್ದರೆ ಬಿಳಿ ಬೂಸ್ಟು. ಬೈಂಡಿಗೆ ಹಾಳೆ ಆಗುವುದಿಲ್ಲ, ಯಾರೂ ದುಡ್ಡು ಹಾಕಬೇಡಿ. ಮೂರು ಪದರ ಅಂಟಿಸಿ ಪರೀಕ್ಷೆಗೆ ಬರೆಯುವ ಪ್ಯಾಡ್ ಮಾಡುವ ಪ್ರಯತ್ನ ಈಗಲೂ ನಡೆಯುತ್ತಿದೆ. ಹತ್ತರಲ್ಲಿ ಆರು ನೆಟ್ಟಗೆ ನಿಲ್ಲುತ್ತವೆ.

ಕೊನೆಗೆ ಹಿಡಿದದ್ದು ಹಳೆಯ ಖಾಕಿ ಕಾಗದವನ್ನೇ, ಅದಕ್ಕೆ ಮೇಣ. ಮೊದಲು ಮೊಂಬತ್ತಿ ಹಚ್ಚಿ ನೋಡಿದೆ. ಮಡಿಕೆಯಲ್ಲಿ ಪುಡಿಪುಡಿಯಾಗಿ ಉದುರಿತು. ಅದು ಪೆಟ್ರೋಲಿಯಂ ಮೇಣ ಬೇರೆ. ಜೇನುಮೇಣ ಒಂದೇ ಹಚ್ಚಿದರೆ ಕೈಗೆ ಅಂಟುತ್ತದೆ, ಪುಸ್ತಕಕ್ಕೆ ಪುಸ್ತಕ ಕಚ್ಚಿಕೊಳ್ಳುತ್ತದೆ. ಈಗ ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಅದು ಯಾವುದು, ಎಷ್ಟು ಅಂತ ಹೇಳುವುದಿಲ್ಲ, ಒಂದು ವರ್ಷದ ದುಡಿಮೆ ಅದರಲ್ಲಿದೆ.

ಹಚ್ಚುವ ಕ್ರಮ ಹೇಳುತ್ತೇನೆ. ಬೈಂಡ್ ಹಾಕಿ, ಲೇಬಲ್ ಅಂಟಿಸಿ, ಮಗುವಿನ ಹೆಸರು, ಕ್ಲಾಸು, ವಿಷಯ ಎಲ್ಲ ಬರೆದು ಒಣಗಿದ ಮೇಲೆಯೇ ಮೇಣ. ಇದನ್ನು ತಿರುಗಮುರುಗ ಮಾಡಿ ಮೊದಲ ತಂಡದ 80 ಬೈಂಡ್ ಹಾಳಾಯಿತು, ಮೇಣದ ಮೇಲೆ ಪೆನ್ನು ಓಡಲೇ ಇಲ್ಲ. ಮೇಣದ ತುಂಡನ್ನು ಸೀಮೆಸುಣ್ಣದ ಹಾಗೆ ತೆಳ್ಳಗೆ ಉಜ್ಜಿ, ಮೇಲೆ ಒಂದು ಹಳೆ ಪೇಪರ್ ಇಟ್ಟು ಇಸ್ತ್ರಿ ಎಳೆಯಬೇಕು. ತೆಂಗಿನ ಗೆರಟೆ ಕೆಂಡದ ಹಳೆ ಇಸ್ತ್ರಿಪೆಟ್ಟಿಗೆಯೇ ನನಗೆ ಒಳ್ಳೆಯದು, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಖಾಕಿ ಬಣ್ಣ ಒಂದು ಕ್ಷಣ ಕಡುವಾಗಿ, ಒಳಗಿನ ಅಕ್ಷರ ಮೇಲೆ ಎದ್ದು ಬಂದಂತೆ ಕಾಣುತ್ತದೆ. ಅಲ್ಲಿಗೆ ಸಾಕು, ಇನ್ನೂ ಎಳೆದರೆ ಮೇಣ ಒಳಪುಟಕ್ಕೆ ಇಳಿಯುತ್ತದೆ.

ಮೇಷ್ಟ್ರೊಬ್ಬರು ನಂಬಲಿಲ್ಲ. ಅವರ ಎದುರೇ ಚೊಂಬಿನಿಂದ ನೀರು ಹುಯ್ದೆ. ಕೆಸುವಿನ ಎಲೆಯ ಮೇಲಿನ ಹಾಗೆ ಉರುಟುರುಟಾಗಿ ಜಾರಿ ಹೋಯಿತು. ಮರುದಿನ ಅವರದೇ ಕ್ಲಾಸಿನ ಮಕ್ಕಳು ಬಂದರು. ಜೂನ್ ಒಂದೇ ತಿಂಗಳಲ್ಲಿ ಸುಮಾರು 900 ಬೈಂಡ್ ಹೋಯಿತು. ಕಾಗದ, ಮೇಣ, ಕೂಲಿ ಸೇರಿ ಐದು ರೂಪಾಯಿ ಚಿಲ್ಲರೆ ಬೀಳುತ್ತದೆ, ಎಂಟಕ್ಕೆ ಕೊಡುತ್ತೇನೆ. ಮೂಲೆ ಸವೆದರೆ ತಂದರೆ ಮತ್ತೆ ಮೇಣ ಹಚ್ಚಿಕೊಡುತ್ತೇನೆ, ಅದಕ್ಕೆ ದುಡ್ಡಿಲ್ಲ. ಹಾಗೆ ಬಂದವರು ಸುಮ್ನೆ ಹೋಗುವುದಿಲ್ಲ, ಒಂದು ಪೆನ್ಸಿಲ್ ಆದರೂ ತಗೊಂಡು ಹೋಗುತ್ತಾರೆ.

ಶಾಯಿಯಲ್ಲಿಯೂ ಲಾಭ ಇದೆ. ಶಾಯಿ ಪೆನ್ನಿಗೆ ಎರಡು ರೂಪಾಯಿಗೆ ತುಂಬಿಸಿ ಕೊಡುತ್ತೇನೆ. ಒಂದು ಬಾಟಲಿಯಲ್ಲಿ 40, 45 ಪೆನ್ನು ತುಂಬುತ್ತದೆ, ಬಾಟಲಿಯ ಬೆಲೆ ಕಳೆದರೂ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ಖಾಲಿ ರೀಫಿಲ್‌ಗಳಿಗೆ ಒಂದು ಡಬ್ಬಿ ಇಟ್ಟಿದ್ದೇನೆ, ತುಂಬಿದಾಗ ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮಸೇನೆಯವರಿಗೆ ಕೊಡುತ್ತೇನೆ.

ಅಂಟು ಮನೆಯಲ್ಲೇ ಮೈದಾದಿಂದ. ಹಳೆ ಬೈಂಡರ್‌ಗಳು ಹುಳ ಬಾರದಿರಲಿ ಅಂತ ಮೈಲುತುತ್ತು (ಕಾಪರ್ ಸಲ್ಫೇಟ್) ಹಾಕುತ್ತಿದ್ದರು. ತೋಟ ಇರುವವರ ಮನೆಯಲ್ಲಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದದ್ದು ಹೇಗೂ ಇರುತ್ತದೆ. ನಾನು ಹಾಕುವುದಿಲ್ಲ. ಅದು ವಿಷ, ಮಕ್ಕಳು ಬೆರಳು ಬಾಯಿಗೆ ಹಾಕುತ್ತಾರೆ. ವಾರಕ್ಕೆ ಎರಡು ಸಲ ಹೊಸತಾಗಿ ಕಾಯಿಸುತ್ತೇನೆ, ಅಷ್ಟೆ.

ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಮಾತ್ರ ಇನ್ನೂ ಗೆದ್ದಿಲ್ಲ. ಅಂಗಡಿಯಲ್ಲಿ ಸಿಗುವ ಬಿಳಿ ರಬ್ಬರ್ ಹೆಚ್ಚಿನದು ಪಿವಿಸಿ ಅನ್ನುವ ಪ್ಲಾಸ್ಟಿಕ್. ಬೇಸಗೆ ರಜೆ ಇಡೀ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಟ್ಟು ನೋಡಿ, ಡಬ್ಬಿಗೇ ಕರಗಿ ಅಂಟಿರುತ್ತದೆ. ಸುತ್ತಮುತ್ತ ಇಷ್ಟು ರಬ್ಬರ್ ತೋಟ ಇದ್ದೂ ಮರದ ರಬ್ಬರಿನದ್ದು ಹುಡುಕಿ ತರಿಸಬೇಕು. ಜಾಸ್ತಿ ದಿನ ಇಟ್ಟರೆ ಅದು ಗಟ್ಟಿಯಾಗಿ ಪುಟ ಹರಿಯುತ್ತದೆ. ಹಾಗಾಗಿ ಒಂದು ಸಲಕ್ಕೆ 50ಕ್ಕಿಂತ ಹೆಚ್ಚು ತರಿಸುವುದಿಲ್ಲ.

ಮುಂದಿನ ಜೂನ್‌ಗೆ 2000 ಬೈಂಡ್ ಲೆಕ್ಕ ಹಾಕಿದ್ದೇನೆ. ಕಾಗದ ಯಾವಾಗಲೂ ಸಿಗುತ್ತದೆ. ಮೇಣ ಹಾಗಲ್ಲ, ಬೇಸಗೆಯಲ್ಲಿ ಜೇನು ತೆಗೆಯುವಾಗಲೇ ಹಿಡಿದಿಡಬೇಕು. ಪೆಟ್ಟಿಗೆ ಇಟ್ಟಿರುವ ಮೂರು ಮನೆಗೆ ಈಗಲೇ ಹೇಳಿಟ್ಟು ಸ್ವಲ್ಪ ಮುಂಗಡವನ್ನೂ ಕೊಟ್ಟಿದ್ದೇನೆ.